ಭಾರತದಲ್ಲಿ ರಣಹದ್ದುಗಳ ಸಂರಕ್ಷಣಾ ತಳಿವರ್ಧನೆ

ರಣಹದ್ದುಗಳ ಸಂರಕ್ಷಣಾ ತಳಿವರ್ಧನೆ ಎಂಬುದು ಅಳಿವಿನ ಅಂಚಿಗೆ ತಲುಪಿರುವ ಮೂರು ಜಾತಿಯ ರಣಹದ್ದುಗಳನ್ನು ಮನುಷ್ಯರ ಆರೈಕೆಯಲ್ಲಿ ಸಾಕಿ, ಅವುಗಳಿಂದ ಮರಿ ಪಡೆದು, ಮುಂದೆ ಅವನ್ನು ನಿಸರ್ಗಕ್ಕೆ ಮರಳಿಸುವ ಉದ್ದೇಶದಿಂದ ಭಾರತದಲ್ಲಿ ನಡೆಯುತ್ತಿರುವ ದೀರ್ಘಾವಧಿಯ ಕಾರ್ಯಕ್ರಮವಾಗಿದೆ. ಬಿಳಿಬೆನ್ನಿನ ರಣಹದ್ದು (ಜಿಪ್ಸ್ ಬೆಂಗಾಲೆನ್ಸಿಸ್), ಉದ್ದಕೊಕ್ಕಿನ ರಣಹದ್ದು (ಜಿಪ್ಸ್ ಇಂಡಿಕಸ್) ಮತ್ತು ಸಪೂರಕೊಕ್ಕಿನ ರಣಹದ್ದು (ಜಿಪ್ಸ್ ಟೆನ್ಯುಇರೋಸ್ಟ್ರಿಸ್) ಈ ಕಾರ್ಯಕ್ರಮದ ವ್ಯಾಪ್ತಿಗೆ ಸೇರಿವೆ. ಈ ಮೂರೂ ಜಾತಿಗಳು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ‘ಅತ್ಯಂತ ಗಂಡಾಂತರದಲ್ಲಿರುವ’ ವರ್ಗದಲ್ಲಿವೆ.

ಹರಿಯಾಣದ ಪಿಂಜೋರ್ ಬಳಿಯ ಜಟಾಯು ಸಂರಕ್ಷಣಾ ತಳಿವರ್ಧನಾ ಕೇಂದ್ರವು ಈ ಕಾರ್ಯಕ್ರಮದ ಮೊದಲ ಹಾಗೂ ಮುಖ್ಯ ಕೇಂದ್ರ. ರಣಹದ್ದುಗಳು ಬಂಧನದಲ್ಲಿ ಮೊಟ್ಟೆಯಿಟ್ಟು ಮರಿ ಮಾಡಬಲ್ಲವು ಎಂಬುದನ್ನು ಈ ಕೇಂದ್ರ ತೋರಿಸಿಕೊಟ್ಟಿದೆ. ಆದರೆ ಮರಿಗಳನ್ನು ಹೆಚ್ಚಿಸುವುದಕ್ಕಿಂತ, ಅವು ಬದುಕಿ ಬಾಳಬಲ್ಲಂತಹ ಪರಿಸರವನ್ನು ಹೊರಗೆ ಸಿದ್ಧಪಡಿಸುವುದೇ ಕಠಿಣವೆಂಬುದು ಈ ಕಾರ್ಯಕ್ರಮದ ಅನುಭವವಾಗಿದೆ.

ಹಿನ್ನೆಲೆ

ಸಂತತಿಯ ಕುಸಿತ

ಭಾರತದಲ್ಲಿ ಒಂಬತ್ತು ಜಾತಿಯ ರಣಹದ್ದುಗಳು ದಾಖಲಾಗಿವೆ. 1980ರ ದಶಕದವರೆಗೂ ಇವು ಊರ ಹೊರಗಿನ ಸತ್ತ ದನ ಎಸೆಯುವ ಜಾಗಗಳಲ್ಲಿ, ಕಸಾಯಿಖಾನೆಗಳ ಸಮೀಪದಲ್ಲಿ, ನದೀತೀರಗಳಲ್ಲಿ ಗುಂಪುಗುಂಪಾಗಿ ಕಾಣಸಿಗುತ್ತಿದ್ದವು. ಬಿಳಿಬೆನ್ನಿನ ರಣಹದ್ದನ್ನು ಆ ಕಾಲದಲ್ಲಿ ಪ್ರಪಂಚದ ದೊಡ್ಡ ಬೇಟೆಹಕ್ಕಿಗಳ ಪೈಕಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಹಕ್ಕಿಯೆಂದು ಪರಿಗಣಿಸಲಾಗಿತ್ತು.

1990ರ ದಶಕದಲ್ಲಿ ಈ ಸ್ಥಿತಿ ಬದಲಾಯಿತು. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ರಣಹದ್ದುಗಳನ್ನು ಗಮನಿಸುತ್ತಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಅವರು ಗೂಡುಗಳು ಬರಿದಾಗುತ್ತಿರುವುದನ್ನೂ, ಹಕ್ಕಿಗಳು ಕುತ್ತಿಗೆ ಜೋಲುಬಿಟ್ಟು ಕುಳಿತು ಕೆಲವು ದಿನಗಳಲ್ಲಿ ಸಾಯುತ್ತಿರುವುದನ್ನೂ ದಾಖಲಿಸಿದರು. ಅನಂತರದ ಸಮೀಕ್ಷೆಗಳ ಪ್ರಕಾರ 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇ. 99.9ರಷ್ಟು ಕಡಿಮೆಯಾದವು. ಉದ್ದಕೊಕ್ಕಿನ ಹಾಗೂ ಸಪೂರಕೊಕ್ಕಿನ ರಣಹದ್ದುಗಳ ಒಟ್ಟು ಕುಸಿತ ಸುಮಾರು ಶೇ. 97. ಸಾವಿರ ಹಕ್ಕಿಗಳಿದ್ದ ಕಡೆ ಒಂದು ಉಳಿಯಿತು ಎಂಬುದು ಮೊದಲ ಅಂಕಿಯ ಸರಳ ಅರ್ಥ.

ಕಾರಣದ ಶೋಧ

ಆರಂಭದಲ್ಲಿ ಇದೊಂದು ಸಾಂಕ್ರಾಮಿಕ ರೋಗವಿರಬಹುದೆಂದು ಶಂಕಿಸಲಾಗಿತ್ತು. ಲಿಂಡ್ಸೆ ಓಕ್ಸ್ ಮತ್ತು ಸಹೋದ್ಯೋಗಿಗಳು ಪಾಕಿಸ್ತಾನದಲ್ಲಿ ನಡೆಸಿ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ನಿಜವಾದ ಕಾರಣವನ್ನು ಹೊರಗೆಡವಿತು. ದನಕರುಗಳ ನೋವು, ಬಾವು, ಜ್ವರಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧವೇ ಆ ಕಾರಣ. ಚುಚ್ಚುಮದ್ದು ಪಡೆದ ಕೆಲವೇ ದಿನಗಳೊಳಗೆ ಸತ್ತ ಪಶುವಿನ ಮಾಂಸದಲ್ಲಿ ಔಷಧದ ಅಂಶ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ನಿಷ್ಕ್ರಿಯವಾಗುತ್ತವೆ, ರಕ್ತದಲ್ಲಿ ಯೂರಿಕ್ ಆಮ್ಲ ಏರಿ, ಒಳ ಅಂಗಗಳ ಮೇಲೆ ಸುಣ್ಣದ ಪುಡಿಯಂತೆ ಲೇಪಗೊಳ್ಳುತ್ತದೆ, ಹಕ್ಕಿ ಸಾಯುತ್ತದೆ.

ಒಂದೇ ಕಳೇಬರಕ್ಕೆ ಹತ್ತಾರು ರಣಹದ್ದುಗಳು ಎರಗುವುದರಿಂದ ಒಂದು ವಿಷಪೂರಿತ ಕಳೇಬರ ಇಡೀ ಗುಂಪನ್ನೇ ಕೊಲ್ಲಬಲ್ಲದು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಮಾರಕ ಮಟ್ಟದ ಔಷಧವಿದ್ದರೂ ಇಂತಹ ಕುಸಿತಕ್ಕೆ ಅದು ಸಾಕಾಗುತ್ತದೆ ಎಂದು ಲೆಕ್ಕಾಚಾರಗಳು ತೋರಿಸಿದವು.

ಪರಿಣಾಮಗಳು

ರಣಹದ್ದುಗಳಿಲ್ಲದೆ ಕಳೇಬರಗಳು ಬಯಲಲ್ಲೇ ಕೊಳೆಯತೊಡಗಿದವು. ಅವುಗಳನ್ನು ತಿಂದು ಬೀದಿನಾಯಿಗಳು ಹೆಚ್ಚಿದವು; ಹುಚ್ಚುನಾಯಿ ರೋಗದ ಭೀತಿಯೂ ಅದರೊಡನೆ ಬೆಳೆಯಿತು. ಮುಂಬಯಿಯ ಪಾರಸಿ ಸಮುದಾಯದವರ ದಖ್ಮಾಗಳಲ್ಲಿ ಶವಗಳನ್ನು ರಣಹದ್ದುಗಳಿಗೆ ಒಪ್ಪಿಸುವ ಪ್ರಾಚೀನ ಪದ್ಧತಿ ಸಂಕಷ್ಟಕ್ಕೆ ಸಿಲುಕಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಅವರು 2024ರಲ್ಲಿ ಪ್ರಕಟಿಸಿದ ಅಧ್ಯಯನವು, ರಣಹದ್ದುಗಳ ಕಣ್ಮರೆಯಿಂದ 2000ದಿಂದ 2005ರ ಅವಧಿಯಲ್ಲಿ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳು ಸಂಭವಿಸಿವೆ ಎಂದು ಅಂದಾಜಿಸಿದೆ.

ಕಾರ್ಯಕ್ರಮದ ಆರಂಭ

ಸಾವಿನ ಕಾರಣವನ್ನು ಪತ್ತೆಹಚ್ಚುವ ಸಲುವಾಗಿ 2001ರಲ್ಲಿ ಪಿಂಜೋರ್ ಬಳಿ ರಣಹದ್ದು ಆರೈಕೆ ಕೇಂದ್ರವನ್ನು ಸ್ಥಾಪಿಸಲಾಯಿತು. ಹರಿಯಾಣ ಅರಣ್ಯ ಇಲಾಖೆ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದನ್ನು ಜಂಟಿಯಾಗಿ ಆರಂಭಿಸಿದವು; ಬ್ರಿಟನ್ನಿನ ಡಾರ್ವಿನ್ ಇನಿಶಿಯೇಟಿವ್ ನಿಧಿ ಹಾಗೂ ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆಗಳು ನೆರವು ನೀಡಿದವು. 2004ರಲ್ಲಿ ರೂಪುಗೊಂಡ ದಕ್ಷಿಣ ಏಷ್ಯಾ ರಣಹದ್ದು ಪುನಶ್ಚೇತನ ಯೋಜನೆಯು ಎರಡು ಕೆಲಸಗಳು ಜೊತೆಜೊತೆಯಾಗಿ ನಡೆಯಬೇಕೆಂದು ಶಿಫಾರಸು ಮಾಡಿತು. ಮೊದಲನೆಯದು, ಪಶುಗಳಿಗೆ ಡೈಕ್ಲೋಫೆನಾಕ್ ನೀಡುವುದನ್ನು ನಿಲ್ಲಿಸುವುದು. ಎರಡನೆಯದು, ಹಕ್ಕಿಗಳು ಪೂರ್ತಿ ನಾಶವಾಗುವ ಮೊದಲು ಕೆಲವನ್ನು ಸುರಕ್ಷಿತವಾಗಿ ಹಿಡಿದಿಟ್ಟು ತಳಿವರ್ಧನೆ ಮಾಡುವುದು. ಇದರಂತೆ ಪಿಂಜೋರ್ ಕೇಂದ್ರವು ತಳಿವರ್ಧನಾ ಕೇಂದ್ರವಾಗಿ ಮಾರ್ಪಟ್ಟಿತು.

ಮುಂದಿನ ವರ್ಷಗಳಲ್ಲಿ ಪಶ್ಚಿಮ ಬಂಗಾಳದ ಬಕ್ಸಾ ಹುಲಿ ಸಂರಕ್ಷಿತ ಪ್ರದೇಶದ ರಾಜಾಭಾತ್‌ಖಾವಾ, ಅಸ್ಸಾಮಿನ ಗುವಾಹಾಟಿ ಬಳಿಯ ರಾಣಿ ಹಾಗೂ ಮಧ್ಯಪ್ರದೇಶದ ಭೋಪಾಲ್‌ಗಳಲ್ಲಿ ಕೇಂದ್ರಗಳು ಆರಂಭವಾದವು. ಜುನಾಗಢ, ಹೈದರಾಬಾದ್, ಭುವನೇಶ್ವರ, ರಾಂಚಿಗಳ ಮೃಗಾಲಯಗಳಲ್ಲಿಯೂ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಬೆಂಬಲದೊಂದಿಗೆ ಘಟಕಗಳನ್ನು ರೂಪಿಸಲಾಯಿತು. ಒಂದೇ ಕಡೆ ಎಲ್ಲ ಹಕ್ಕಿಗಳನ್ನಿಟ್ಟರೆ ರೋಗ, ಬೆಂಕಿ ಅಥವಾ ಪ್ರಕೃತಿ ವಿಕೋಪದಿಂದ ಇಡೀ ಪ್ರಯತ್ನವೇ ನಾಶವಾಗಬಹುದಾದ್ದರಿಂದ ಹಲವು ಕೇಂದ್ರಗಳಿರುವುದು ಅಗತ್ಯವೆಂದು ಭಾವಿಸಲಾಗಿದೆ.

2008ರಲ್ಲಿ ಪಿಂಜೋರ್‌ನಲ್ಲಿ ಹುಟ್ಟಿದ ಬಿಳಿಬೆನ್ನಿನ ರಣಹದ್ದಿನ ಮರಿಗಳು ಮೊದಲ ಬಾರಿಗೆ ಗೂಡು ಬಿಟ್ಟು ಹಾರುವ ಹಂತ ತಲುಪಿದವು. 2009ರಲ್ಲಿ ಸಪೂರಕೊಕ್ಕಿನ ರಣಹದ್ದು ಬಂಧನದಲ್ಲಿ ಯಶಸ್ವಿಯಾಗಿ ಮರಿ ಮಾಡಿತು. ಅಲ್ಲಿಂದ ಮುಂದೆ ಕೆಲವೇ ಕಾಲದಲ್ಲಿ ಮೂರನೆಯ ಜಾತಿಯಲ್ಲಿಯೂ ಯಶಸ್ಸು ದೊರಕಿತು. ಕಾಲಕ್ರಮದಲ್ಲಿ ಪಿಂಜೋರ್ ಕೇಂದ್ರವೊಂದರಲ್ಲೇ ಹಕ್ಕಿಗಳ ಸಂಖ್ಯೆ 300ನ್ನು ಮೀರಿತು.

ತಳಿವರ್ಧನೆಯ ಸವಾಲುಗಳು

ಮೂಲ ಹಕ್ಕಿಗಳ ಸಂಗ್ರಹ

ಯಾವುದೇ ತಳಿವರ್ಧನಾ ಕಾರ್ಯಕ್ರಮಕ್ಕೆ ಮೊದಲು ಬೇಕಾಗುವುದು ಮೂಲ ಹಕ್ಕಿಗಳು. ಇವುಗಳಿಂದಲೇ ಮುಂದಿನ ಎಲ್ಲ ಪೀಳಿಗೆಗಳೂ ಹುಟ್ಟಬೇಕು. ಪ್ರತಿ ಕೇಂದ್ರದಲ್ಲಿ ಒಂದೊಂದು ಜಾತಿಯ 25 ಜೋಡಿಗಳಾದರೂ ಇರಬೇಕೆಂದು ಗುರಿ ಇರಿಸಿಕೊಳ್ಳಲಾಗಿತ್ತು. ಅಳಿಯುತ್ತಿರುವ ಸಂತತಿಯಿಂದಲೇ ಇವನ್ನು ಹಿಡಿಯಬೇಕಾದುದರಿಂದ ಇದು ಧರ್ಮಸಂಕಟದ ವಿಷಯ. ಹಿಡಿದರೆ ಕಾಡಿನ ಸಂತತಿ ಇನ್ನಷ್ಟು ಕುಗ್ಗುತ್ತದೆ. ಹಿಡಿಯದಿದ್ದರೆ ಅವು ವಿಷಕ್ಕೆ ಬಲಿಯಾಗುವುದು ಬಹುತೇಕ ಖಚಿತ. ಪ್ರೌಢ ಹಕ್ಕಿಗಳನ್ನು ಹಿಡಿದರೆ ನಡೆಯುತ್ತಿರುವ ಸಂತಾನಕ್ರಿಯೆಗೆ ಭಂಗ ಬರುವುದರಿಂದ ಹೆಚ್ಚಾಗಿ ಗೂಡಿನಲ್ಲಿರುವ ಮರಿಗಳನ್ನು ಆರಿಸಿಕೊಳ್ಳುವುದು ಉತ್ತಮವೆಂದು ಕಂಡುಬಂದಿದೆ. ಆದರೆ ಮರಿಗಳು ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಕಾಯಬೇಕಾಗುತ್ತದೆ. ತಡವಾಗಿ ಆರಂಭಿಸಿದ ಕಾರ್ಯಕ್ರಮಕ್ಕೆ ಮೂಲ ಹಕ್ಕಿಗಳೇ ಸಿಗದಿರುವ ಅಪಾಯವಿದೆ. ಮೂರು ಜಾತಿಗಳಲ್ಲಿ ಅತಿ ವಿರಳವಾದ ಸಪೂರಕೊಕ್ಕಿನ ರಣಹದ್ದಿನ ವಿಷಯದಲ್ಲಿ ಈ ತೊಂದರೆ ಹೆಚ್ಚು.

ಲಿಂಗ ಗುರುತಿಸುವಿಕೆ ಮತ್ತು ಜೋಡಿಯಾಗುವಿಕೆ

ಈ ರಣಹದ್ದುಗಳಲ್ಲಿ ಗಂಡು ಹೆಣ್ಣುಗಳು ನೋಟಕ್ಕೆ ಒಂದೇ ಬಗೆಯಾಗಿರುತ್ತವೆ. ಗರಿಯ ಬಣ್ಣದಿಂದಾಗಲಿ ಗಾತ್ರದಿಂದಾಗಲಿ ಅವನ್ನು ಬೇರ್ಪಡಿಸಿ ಹೇಳಲಾಗದು. ಆದ್ದರಿಂದ ರಕ್ತ ಅಥವಾ ಗರಿಯ ಮಾದರಿಯಿಂದ ಡಿಎನ್‌ಎ ಪರೀಕ್ಷೆ ನಡೆಸಿ ಲಿಂಗವನ್ನು ನಿರ್ಧರಿಸಬೇಕಾಗುತ್ತದೆ. ಲಿಂಗ ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ರಣಹದ್ದುಗಳು ಸಂಗಾತಿಯನ್ನು ತಾವೇ ಆರಿಸಿಕೊಳ್ಳುತ್ತವೆ; ಮನುಷ್ಯರು ಕೂಡಿಹಾಕಿದ ಗಂಡು ಹೆಣ್ಣು ಜೋಡಿಯಾಗಿಯೇ ತೀರುತ್ತವೆ ಎಂಬ ಭರವಸೆಯಿಲ್ಲ. ಈ ಕಾರಣದಿಂದ ಹಲವು ಹಕ್ಕಿಗಳನ್ನು ಒಟ್ಟಿಗೆ ದೊಡ್ಡ ಪಂಜರಮನೆಯಲ್ಲಿ ಬಿಟ್ಟು, ಅವುಗಳಾಗಿ ಕೂಡುವವರೆಗೆ ಕಾಯುವ ಕ್ರಮವನ್ನು ಅನುಸರಿಸಲಾಗುತ್ತದೆ.

ವಸತಿ

ಎರಡು ಮೀಟರಿನಷ್ಟು ಅಗಲಕ್ಕೆ ರೆಕ್ಕೆ ಬಿಚ್ಚುವ, ಸಮೂಹವಾಗಿ ಬದುಕುವ ಹಕ್ಕಿಗೆ ಸಾಮಾನ್ಯ ಮೃಗಾಲಯದ ಪಂಜರ ಸಾಲದು. ಪಿಂಜೋರ್‌ನ ಸಮೂಹ ಪಂಜರಮನೆಗಳು 100 ಅಡಿ ಉದ್ದ, 40 ಅಡಿ ಅಗಲ, 20 ಅಡಿ ಎತ್ತರವಿದ್ದು, ಹಕ್ಕಿಗಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹಾರಿ ರೆಕ್ಕೆಯ ಸ್ನಾಯುಗಳನ್ನು ಬಲಪಡಿಸಿಕೊಳ್ಳಲು ಅವಕಾಶವಿದೆ. ಬಿಳಿಬೆನ್ನಿನ ರಣಹದ್ದು ಎತ್ತರದ ಮರಗಳಲ್ಲಿ, ಉದ್ದಕೊಕ್ಕಿನ ರಣಹದ್ದು ಬಂಡೆಗಳ ಕಪಾಟುಗಳಲ್ಲಿ ಗೂಡು ಕಟ್ಟುವುದರಿಂದ ಆಯಾ ಜಾತಿಗೆ ತಕ್ಕ ಅಟ್ಟಣೆ, ಕಟ್ಟೆಗಳನ್ನು ನಿರ್ಮಿಸಬೇಕು. ಹೊಸದಾಗಿ ಬಂದ ಹಕ್ಕಿಗಳನ್ನು ಪ್ರತ್ಯೇಕವಾಗಿರಿಸುವ ಮನೆ, ಚಿಕಿತ್ಸೆಯ ಮನೆ, ಮರಿಗಳ ಮನೆ ಇವೂ ಬೇಕಾಗುತ್ತವೆ. ಗೂಡು ಕಟ್ಟುವ ಕಾಲದಲ್ಲಿ ಜನರ ಓಡಾಟದಿಂದ ಹಕ್ಕಿಗಳು ಬೆದರಿ ಮೊಟ್ಟೆಯನ್ನು ತೊರೆಯುವ ಸಾಧ್ಯತೆಯಿರುವುದರಿಂದ ಕೇಂದ್ರಗಳು ಸಾರ್ವಜನಿಕರಿಗೆ ತೆರೆದಿರುವುದಿಲ್ಲ; ವೀಕ್ಷಣೆಗೆ ಕ್ಯಾಮೆರಾಗಳನ್ನು ಬಳಸಲಾಗುತ್ತದೆ.

ಆಹಾರದ ಸುರಕ್ಷತೆ

ಯಾವ ವಿಷದಿಂದ ರಕ್ಷಿಸಲು ಹಕ್ಕಿಗಳನ್ನು ತರಲಾಯಿತೋ ಅದೇ ವಿಷ ಆಹಾರದ ಮೂಲಕ ಕೇಂದ್ರದೊಳಗೆ ಬರಬಾರದು. ಮಾರುಕಟ್ಟೆಯ ಮಾಂಸದಲ್ಲಿ ಯಾವ ಔಷಧದ ಅಂಶವಿದೆಯೆಂದು ನೋಡಿ ತಿಳಿಯಲಾಗದು. ಆದ್ದರಿಂದ ಜೀವಂತ ಮೇಕೆಗಳನ್ನು ಕೊಂಡುತಂದು, ಹಿಂದೆ ಯಾವುದಾದರೂ ಔಷಧ ನೀಡಿದ್ದರೂ ಅದು ದೇಹದಿಂದ ಪೂರ್ತಿ ಹೊರಹೋಗುವಷ್ಟು ದಿನ ಕೇಂದ್ರದಲ್ಲೇ ಸಾಕಿ, ಅನಂತರ ಮಾಂಸವನ್ನು ಹಕ್ಕಿಗಳಿಗೆ ಹಾಕಲಾಗುತ್ತದೆ. ನೂರಾರು ಹಕ್ಕಿಗಳಿಗೆ ವರ್ಷವಿಡೀ ಈ ಕ್ರಮವನ್ನು ಪಾಲಿಸುವುದು ಕೇಂದ್ರದ ನಿತ್ಯದ ವೆಚ್ಚಗಳಲ್ಲಿ ದೊಡ್ಡ ಬಾಬತ್ತಾಗಿದೆ.

ಸಂತಾನದ ನಿಧಾನಗತಿ

ಕೋಳಿ, ಪಾರಿವಾಳಗಳಂತೆ ರಣಹದ್ದು ಬೇಗ ವೃದ್ಧಿಸುವ ಹಕ್ಕಿಯಲ್ಲ. ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ತಾಯಿ ತಂದೆ ಇಬ್ಬರೂ ಸರದಿಯಂತೆ ಸುಮಾರು ಏಳೆಂಟು ವಾರ ಕಾವು ಕೊಡುತ್ತವೆ. ಮರಿ ಗೂಡು ಬಿಡಲು ಮತ್ತೆ ಮೂರು ನಾಲ್ಕು ತಿಂಗಳು ಬೇಕು. ದೀರ್ಘಾಯುಷ್ಯದ ಪ್ರೌಢ ಹಕ್ಕಿಗಳು ಹಲವು ವರ್ಷ ಬದುಕಿ ನಿಧಾನವಾಗಿ ಮರಿ ಬೆಳೆಸುವುದು ಈ ಜಾತಿಗಳ ಜೀವನಕ್ರಮ. ಹೀಗಾಗಿ ಪ್ರೌಢ ಹಕ್ಕಿಗಳ ಸಾವಿನ ಪ್ರಮಾಣ ಸ್ವಲ್ಪ ಏರಿದರೂ ಆ ನಷ್ಟವನ್ನು ಮರಿಗಳಿಂದ ತುಂಬಲಾಗುವುದಿಲ್ಲ.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಅರಿಯಬಹುದು. 25 ಜೋಡಿಗಳಿರುವ ಕೇಂದ್ರದಲ್ಲಿ ಎಲ್ಲ ಜೋಡಿಗಳೂ ಮೊಟ್ಟೆಯಿಟ್ಟು, ಅದರಲ್ಲಿ ಅರ್ಧದಷ್ಟು ಮಾತ್ರ ಮರಿಗಳಾಗಿ ಬೆಳೆದರೆ ವರ್ಷಕ್ಕೆ 12 ಅಥವಾ 13 ಮರಿಗಳು ದೊರೆಯುತ್ತವೆ. ನೂರು ಜೋಡಿಗಳನ್ನು, ಅಂದರೆ 200 ಹಕ್ಕಿಗಳನ್ನು, ನಿಸರ್ಗಕ್ಕೆ ಬಿಡಬೇಕಾದರೆ ಆ ಗತಿಯಲ್ಲಿ ಸುಮಾರು 16 ವರ್ಷ ಬೇಕಾಗುತ್ತದೆ. ವಾಸ್ತವದಲ್ಲಿ ಎಲ್ಲ ಜೋಡಿಗಳೂ ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ.

ಕೃತಕ ಕಾವು ಮತ್ತು ಎರಡನೆಯ ಮೊಟ್ಟೆ

ಸಂತಾನದ ಗತಿಯನ್ನು ಹೆಚ್ಚಿಸಲು ಪಿಂಜೋರ್‌ನಲ್ಲಿ ಒಂದು ಉಪಾಯವನ್ನು ಬಳಸಲಾಯಿತು. ಮೊದಲ ಮೊಟ್ಟೆಯನ್ನು ಗೂಡಿನಿಂದ ತೆಗೆದು ಕಾವುಪೆಟ್ಟಿಗೆಯಲ್ಲಿರಿಸಿದರೆ, ಆ ಜೋಡಿ ಕೆಲವು ವಾರಗಳ ಬಳಿಕ ಮತ್ತೊಂದು ಮೊಟ್ಟೆಯಿಡುವ ಸಂಭವವಿರುತ್ತದೆ. ಹೀಗೆ ಒಂದು ಋತುವಿನಲ್ಲಿ ಎರಡು ಮರಿ ಪಡೆಯಬಹುದು. ಆದರೆ ಕಾವುಪೆಟ್ಟಿಗೆಯ ಉಷ್ಣತೆ ಮತ್ತು ತೇವಾಂಶ ಕರಾರುವಾಕ್ಕಾಗಿರಬೇಕು. ಮೊಟ್ಟೆಯನ್ನು ನಿಯತವಾಗಿ ಹೊರಳಿಸಬೇಕು. ಅದರ ತೂಕ ಕ್ರಮವಾಗಿ ಇಳಿಯುತ್ತಿದೆಯೇ ಎಂದು ಅಳೆಯುತ್ತಿರಬೇಕು. ವಿದ್ಯುತ್ ಕಡಿತವೂ ಭ್ರೂಣದ ಸಾವಿಗೆ ಕಾರಣವಾಗಬಹುದು. ಮೇಲಾಗಿ ಮೊಟ್ಟೆಯ ರಚನೆಗೆ ಹೆಣ್ಣುಹಕ್ಕಿಯ ದೇಹದ ಸುಣ್ಣದಂಶ ವ್ಯಯವಾಗುವುದರಿಂದ ಅದರ ಪೋಷಣೆಗೆ ವಿಶೇಷ ಗಮನ ಕೊಡಬೇಕಾಗುತ್ತದೆ.

ಮನುಷ್ಯರ ರೂಢಿ

ಮೊಟ್ಟೆಯೊಡೆದು ಬಂದ ಮರಿಯು ತಾನು ಮೊದಲು ಕಂಡು, ಉಣಿಸು ಪಡೆದ ಜೀವಿಯನ್ನೇ ತನ್ನ ಕುಲವೆಂದು ಭಾವಿಸುವ ಪ್ರವೃತ್ತಿ ಅನೇಕ ಹಕ್ಕಿಗಳಲ್ಲಿದೆ. ಕೈಯಿಂದ ಉಣಿಸಿ ಬೆಳೆಸಿದ ಮರಿ ಮನುಷ್ಯರಿಗೆ ಒಗ್ಗಿಹೋದರೆ ಮುಂದೆ ಸ್ವಜಾತಿಯೊಡನೆ ಕೂಡುವುದಿಲ್ಲ. ಬಿಡುಗಡೆಯಾದ ಬಳಿಕ ಜನವಸತಿಗೆ ಬಂದು ಅಪಾಯಕ್ಕೆ ಸಿಲುಕುತ್ತದೆ. ಇದನ್ನು ತಪ್ಪಿಸಲು ಹಕ್ಕಿಯ ತಲೆಯ ಆಕಾರದ ಕೈಗವಸಿನಿಂದ ಉಣಿಸುವ ವಿಧಾನವನ್ನು ಅಮೆರಿಕದಲ್ಲಿ ಕಾಂಡೋರ್ ಮರಿಗಳಿಗೆ ಬಳಸಲಾಯಿತು. ಸಾಧ್ಯವಾದಷ್ಟು ಬೇಗ ಮರಿಯನ್ನು ಹೆತ್ತವರಿಗೆ ಅಥವಾ ಸಾಕುಜೋಡಿಗೆ ಒಪ್ಪಿಸುವುದು ಇನ್ನೂ ಉತ್ತಮವೆಂದು ತಜ್ಞರು ಪರಿಗಣಿಸುತ್ತಾರೆ.

ಆನುವಂಶಿಕ ವೈವಿಧ್ಯ

ಸಣ್ಣ ಸಮೂಹದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಹತ್ತಿರದ ಸಂಬಂಧಿಗಳೇ ಕೂಡುವ ಸಂಭವ ಹೆಚ್ಚುತ್ತದೆ. ಇದರಿಂದ ಮೊಟ್ಟೆಗಳು ಫಲಿಸದಿರುವುದು, ಮರಿಗಳು ದುರ್ಬಲವಾಗುವುದು, ರೋಗನಿರೋಧಕ ಶಕ್ತಿ ಕುಂದುವುದು ಮೊದಲಾದ ದೋಷಗಳು ತಲೆದೋರಬಹುದು. ಪ್ರತಿ ಹಕ್ಕಿಯ ಹುಟ್ಟು, ಹೆತ್ತವರು, ಸಂಗಾತಿ, ಮರಿಗಳ ವಿವರಗಳನ್ನು ವಂಶಾವಳಿ ದಾಖಲೆಯಲ್ಲಿ ಬರೆದಿಡುವುದು ಇದಕ್ಕೆ ಪರಿಹಾರ. ಕೆಲವೇ ಜೋಡಿಗಳು ಹೆಚ್ಚು ಮರಿ ಮಾಡುತ್ತಿದ್ದರೆ ಅವುಗಳ ಪಾಲು ಸಮೂಹದಲ್ಲಿ ಮಿತಿಮೀರದಂತೆ ನೋಡಿಕೊಳ್ಳಬೇಕು. ಆದರೆ ಹಕ್ಕಿಗಳು ತಾವೇ ಸಂಗಾತಿಯನ್ನು ಆರಿಸಿಕೊಳ್ಳುವ ಕ್ರಮಕ್ಕೂ, ಕಾಗದದ ಮೇಲೆ ಯೋಗ್ಯವೆಂದು ಕಾಣುವ ಜೋಡಿಗಳಿಗೂ ಸದಾ ಹೊಂದಿಕೆಯಾಗುವುದಿಲ್ಲ.

ಇದಲ್ಲದೆ ಬಂಧನಕ್ಕೆ ಒಗ್ಗಿಕೊಂಡ ಹಕ್ಕಿಗಳೇ ಹೆಚ್ಚು ಮರಿ ಮಾಡುವುದರಿಂದ, ಹಲವು ಪೀಳಿಗೆಗಳ ಬಳಿಕ ಕಾಡಿನ ಬದುಕಿಗೆ ಬೇಕಾದ ಎಚ್ಚರ, ಚುರುಕು ಕಡಿಮೆಯಾಗುವ ಸಂಭವವಿದೆ. ಈ ದೃಷ್ಟಿಯಿಂದ ಬಂಧನದಲ್ಲಿ ಕಳೆಯುವ ಪೀಳಿಗೆಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು.

ರೋಗಗಳು

ಗುಂಪಾಗಿ ಒಂದೆಡೆ ಇರುವ ಹಕ್ಕಿಗಳಲ್ಲಿ ಸೋಂಕು ಬೇಗ ಹರಡುತ್ತದೆ. ಹಕ್ಕಿಜ್ವರ ಇದರಲ್ಲಿ ಮುಖ್ಯವಾದುದು. 2023ರಲ್ಲಿ ಅಮೆರಿಕದ ಅರಿಜೋನಾ–ಯೂಟಾ ಪ್ರದೇಶದಲ್ಲಿ ಸುಮಾರು 20 ಕಾಂಡೋರ್‌ಗಳು ಹಕ್ಕಿಜ್ವರದಿಂದ ಸತ್ತ ಬಳಿಕ ಅಲ್ಲಿ ಲಸಿಕೆಯ ಪ್ರಯೋಗವನ್ನು ಕೈಗೊಳ್ಳಲಾಯಿತು. ಆರೋಗ್ಯ ತಪಾಸಣೆಗಾಗಿ ಹಕ್ಕಿಗಳನ್ನು ಹಿಡಿಯುವುದೂ ಅಪಾಯರಹಿತವಲ್ಲ; ಹಿಡಿಯುವಾಗಿನ ಒತ್ತಡದಿಂದ ಅವು ತಿಂದುದನ್ನು ಕಕ್ಕುತ್ತವೆ, ಕೆಲವೊಮ್ಮೆ ಗಾಯಗೊಳ್ಳುತ್ತವೆ.

ನಿಸರ್ಗಕ್ಕೆ ಬಿಡುಗಡೆ

ಬಂಧನದಲ್ಲಿ ಹುಟ್ಟಿದ ರಣಹದ್ದಿಗೆ ಬಿಸಿಗಾಳಿಯ ಸುಳಿಯನ್ನೇರಿ ಮೇಲೆ ಸಾಗುವುದು, ಕಳೇಬರವನ್ನು ಹುಡುಕುವುದು, ಗುಂಪಿನ ನಡುವೆ ಪಾಲಿಗಾಗಿ ಸೆಣಸುವುದು ಯಾವುದೂ ಅಭ್ಯಾಸವಿರುವುದಿಲ್ಲ. ಆದ್ದರಿಂದ ಹಂತಹಂತದ ಬಿಡುಗಡೆಯ ವಿಧಾನವನ್ನು ಅನುಸರಿಸಲಾಗುತ್ತದೆ. ಮೊದಲು ಹಕ್ಕಿಗಳನ್ನು ಬಿಡುಗಡೆಯ ಸ್ಥಳದಲ್ಲಿಯೇ ಕಟ್ಟಿದ ಪಂಜರಮನೆಯಲ್ಲಿ ಕೆಲವು ತಿಂಗಳು ಇರಿಸುತ್ತಾರೆ. ಅಲ್ಲಿಂದ ಅವು ಸುತ್ತಲಿನ ನೆಲ, ಹವೆ, ಕಾಡಿನ ರಣಹದ್ದುಗಳ ಚಲನವಲನವನ್ನು ನೋಡುತ್ತವೆ. ಬೆನ್ನಿಗೆ ಉಪಗ್ರಹ ಸಂಪರ್ಕದ ಚಿಕ್ಕ ಸಾಧನವನ್ನು ಕಟ್ಟಿ, ಬಾಗಿಲು ತೆರೆದು, ಹೊರಗೆ ಸುರಕ್ಷಿತ ಮಾಂಸವನ್ನಿಡುತ್ತಾರೆ. ಹಕ್ಕಿಗಳು ಮನಸ್ಸು ಬಂದಾಗ ಹೊರಡುತ್ತವೆ; ಬೇಕೆನಿಸಿದರೆ ಆಹಾರಕ್ಕೆ ಮರಳುತ್ತವೆ.

2016ರಲ್ಲಿ ಪಿಂಜೋರ್‌ನಲ್ಲಿ ಪ್ರಾಯೋಗಿಕವಾಗಿ ಎರಡು ಹಿಮಾಲಯದ ರಣಹದ್ದುಗಳನ್ನು ಬಿಡಲಾಯಿತು. ಇವು ಅಷ್ಟು ಗಂಡಾಂತರದಲ್ಲಿಲ್ಲದ ಜಾತಿಯವು. ವಿಧಾನವನ್ನು ಪರೀಕ್ಷಿಸುವುದು ಇದರ ಉದ್ದೇಶವಾಗಿತ್ತು. ನೇಪಾಳವು 2017ರಿಂದ ಬಂಧನದಲ್ಲಿ ಸಾಕಿದ ಬಿಳಿಬೆನ್ನಿನ ರಣಹದ್ದುಗಳನ್ನು ಬಿಡತೊಡಗಿತು. ಪಿಂಜೋರ್‌ನಿಂದ 2020ರಲ್ಲಿ ಎಂಟು ಬಿಳಿಬೆನ್ನಿನ ರಣಹದ್ದುಗಳು, 2021ರಲ್ಲಿ ರಾಜಾಭಾತ್‌ಖಾವಾದಿಂದ ಅದೇ ಜಾತಿಯ ಮತ್ತೊಂದು ಗುಂಪು ಬಿಡುಗಡೆಯಾದವು. 2024ರಲ್ಲಿ ಪಿಂಜೋರ್‌ನ 20 ಹಕ್ಕಿಗಳನ್ನು ಮಹಾರಾಷ್ಟ್ರದ ಪೆಂಚ್ ಮತ್ತು ತಡೋಬಾ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸಾಗಿಸಿ, ಅಲ್ಲಿಗೆ ಒಗ್ಗಿಸಿದ ಬಳಿಕ ಬಿಡಲಾಯಿತು. ಇವುಗಳಲ್ಲೊಂದು ಸಾವಿರಾರು ಕಿಲೋಮೀಟರ್ ಹಾರಿ ತಮಿಳುನಾಡನ್ನು ತಲುಪಿ, ಅಲ್ಲಿ ವಿದ್ಯುತ್ ತಂತಿಯ ಆಘಾತದಿಂದ ಸತ್ತಿತು. ಬಂಧನದಲ್ಲಿ ಬೆಳೆದ ಹಕ್ಕಿಯೂ ದೂರ ಹಾರಬಲ್ಲದೆಂಬುದನ್ನೂ, ಔಷಧವೊಂದೇ ಅದರ ಶತ್ರುವಲ್ಲವೆಂಬುದನ್ನೂ ಈ ಘಟನೆ ಒಟ್ಟಿಗೆ ತೋರಿಸಿತು.

ಹೊರಗಿನ ಪರಿಸರ: ಔಷಧಗಳ ನಿಯಂತ್ರಣ

ಬಿಡುಗಡೆಯ ಯಶಸ್ಸು ಕೇಂದ್ರದ ಬೇಲಿಯಿಂದಾಚೆ ಪಶುವೈದ್ಯರು, ಔಷಧದಂಗಡಿಗಳು ಮತ್ತು ರೈತರ ನಡೆಯನ್ನು ಅವಲಂಬಿಸಿದೆ. ಪಶುಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ಭಾರತ ಸರ್ಕಾರ 2006ರಲ್ಲಿ ನಿಷೇಧಿಸಿತು. ಅದೇ ಸುಮಾರಿಗೆ ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧ ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಗಳಿಂದ ದೃಢಪಟ್ಟಿತು. ಮುಂದೆ ಟೋಲ್ಫೆನಾಮಿಕ್ ಆಮ್ಲವೂ ಸುರಕ್ಷಿತವೆಂದು ತಿಳಿದುಬಂದಿತು.

ಆದರೆ ಮನುಷ್ಯರ ಬಳಕೆಗೆ ಮಾರಾಟವಾಗುವ ಡೈಕ್ಲೋಫೆನಾಕನ್ನು ದೊಡ್ಡ ಸೀಸೆಗಳಲ್ಲಿ ಕೊಂಡು ದನಗಳಿಗೆ ಚುಚ್ಚುವುದು ಮುಂದುವರಿಯಿತು. ಇದನ್ನು ತಡೆಯಲು 2015ರಲ್ಲಿ ಮನುಷ್ಯರ ಚುಚ್ಚುಮದ್ದಿನ ಸೀಸೆಯ ಗಾತ್ರವನ್ನು 3 ಮಿಲಿಲೀಟರಿಗೆ ಮಿತಿಗೊಳಿಸಲಾಯಿತು. ಪಶುವಿನ ದೇಹದಲ್ಲಿ ಡೈಕ್ಲೋಫೆನಾಕ್ ಆಗಿ ಮಾರ್ಪಡುವ ಅಸಿಕ್ಲೋಫೆನಾಕ್ ಮತ್ತು ಸ್ವತಃ ವಿಷಕಾರಿಯಾದ ಕೀಟೊಪ್ರೊಫೆನ್‌ಗಳನ್ನು ಪಶುಗಳಿಗೆ ಬಳಸುವುದು 2023ರಲ್ಲಿ ನಿಷೇಧಕ್ಕೊಳಗಾಯಿತು. ಒಂದು ಔಷಧವನ್ನು ನಿಷೇಧಿಸಿದಾಗ ಅದರ ಸ್ಥಾನಕ್ಕೆ ಅಷ್ಟೇ ಅಪಾಯಕಾರಿಯಾದ ಮತ್ತೊಂದು ಬರುವುದು ಈ ಕ್ಷೇತ್ರದ ಪುನರಾವರ್ತಿತ ಸಮಸ್ಯೆಯಾಗಿದೆ. ಹೊಸ ಔಷಧವನ್ನು ಪಶುಗಳಿಗೆ ಅನುಮೋದಿಸುವ ಮೊದಲೇ ರಣಹದ್ದುಗಳ ಮೇಲಿನ ಪರಿಣಾಮವನ್ನು ಪರೀಕ್ಷಿಸಬೇಕೆಂಬುದು ಸಂರಕ್ಷಣಾ ತಜ್ಞರ ಬೇಡಿಕೆ.

ಇದಕ್ಕೆ ಪೂರಕವಾಗಿ ‘ರಣಹದ್ದು ಸುರಕ್ಷಿತ ವಲಯ’ಗಳ ಕಲ್ಪನೆ ರೂಪುಗೊಂಡಿದೆ. ಗೂಡುಕಟ್ಟುವ ಅಥವಾ ಬಿಡುಗಡೆಯ ಸ್ಥಳದ ಸುತ್ತ 100 ಕಿಲೋಮೀಟರ್ ತ್ರಿಜ್ಯದ ಪ್ರದೇಶದಲ್ಲಿ ವಿಷಕಾರಿ ಔಷಧಗಳ ಬಳಕೆ ಪೂರ್ತಿ ನಿಲ್ಲುವಂತೆ ಮಾಡುವುದು ಇದರ ಉದ್ದೇಶ. ಔಷಧದಂಗಡಿಗಳ ಗುಪ್ತ ಸಮೀಕ್ಷೆ ಹಾಗೂ ಪಶುಗಳ ಕಳೇಬರಗಳ ಪರೀಕ್ಷೆಯಿಂದ ವಲಯದ ಸುರಕ್ಷತೆಯನ್ನು ಅಳೆಯಲಾಗುತ್ತದೆ. ಇಂತಹ ವಲಯವೊಂದರ ವಿಸ್ತೀರ್ಣ 31,000 ಚದರ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ನೂರಾರು ಹಳ್ಳಿಗಳೂ ಪಟ್ಟಣಗಳೂ ಸೇರುತ್ತವೆ.

ಇತರ ಪ್ರಾಣಿಗಳ ಅನುಭವ

ಬಂಧಿತ ತಳಿವರ್ಧನೆಯ ಇತರ ಪ್ರಯತ್ನಗಳೂ ಇದೇ ಬಗೆಯ ಪಾಠಗಳನ್ನು ನೀಡಿವೆ.

ಕ್ಯಾಲಿಫೋರ್ನಿಯಾ ಕಾಂಡೋರ್: 1982ರಲ್ಲಿ ಈ ಹಕ್ಕಿಗಳ ಸಂಖ್ಯೆ 22ಕ್ಕೆ ಇಳಿದಿತ್ತು. 1987ರ ಹೊತ್ತಿಗೆ ಕಾಡಿನಲ್ಲಿದ್ದ ಎಲ್ಲವನ್ನೂ ಹಿಡಿದು ತಂದಾಗ ಒಟ್ಟು 27 ಹಕ್ಕಿಗಳಿದ್ದವು. 1992ರಿಂದ ಬಿಡುಗಡೆ ಆರಂಭವಾಗಿ ಇಂದು 500ಕ್ಕೂ ಹೆಚ್ಚು ಹಕ್ಕಿಗಳಿವೆ. ಆದರೂ ಬೇಟೆಗಾರರ ಗುಂಡಿನ ಸೀಸದ ಚೂರುಗಳಿರುವ ಮಾಂಸ ತಿಂದು ವಿಷವೇರುವುದು ಅವುಗಳ ಸಾವಿಗೆ ಪ್ರಮುಖ ಕಾರಣವಾಗಿ ಉಳಿದಿದೆ. ಹೊರಗಿನ ವಿಷ ನಿಲ್ಲದಿದ್ದರೆ ಬಿಡುಗಡೆಯು ಎಂದಿಗೂ ಮುಗಿಯದ ಕೆಲಸವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅರೇಬಿಯಾದ ಓರಿಕ್ಸ್: 1972ರಲ್ಲಿ ಕಾಡಿನಿಂದ ಕಣ್ಮರೆಯಾದ ಈ ಜಿಂಕೆಜಾತಿಯ ಪ್ರಾಣಿಯನ್ನು ಮೃಗಾಲಯಗಳಲ್ಲಿ ಬೆಳೆಸಿ 1982ರಲ್ಲಿ ಒಮಾನಿನ ಮರುಭೂಮಿಗೆ ಮರಳಿಸಲಾಯಿತು. ಸಂಖ್ಯೆ ಚೆನ್ನಾಗಿ ಏರಿದ ಬಳಿಕ 1990ರ ದಶಕದಲ್ಲಿ ಕಳ್ಳಬೇಟೆ ಮರುಕಳಿಸಿ ಸಂತತಿ ಕುಸಿಯಿತು. ರಕ್ಷಿತ ಪ್ರದೇಶವನ್ನೂ ಬಹಳಷ್ಟು ಕಿರಿದುಗೊಳಿಸಿದ್ದರಿಂದ 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು.

ಘರಿಯಾಲ್: ಭಾರತದಲ್ಲಿ 1975ರಲ್ಲಿ ಆರಂಭವಾದ ಮೊಸಳೆ ಸಂರಕ್ಷಣಾ ಯೋಜನೆಯಡಿ ಘರಿಯಾಲ್ ಮೊಟ್ಟೆಗಳನ್ನು ಸಂಗ್ರಹಿಸಿ, ಮರಿಗಳನ್ನು ಬೆಳೆಸಿ ನದಿಗಳಿಗೆ ಬಿಡಲಾಯಿತು. ಆದರೆ ನದಿಗಳ ಸ್ಥಿತಿ ಸುಧಾರಿಸಲಿಲ್ಲ. 2007–08ರ ಚಳಿಗಾಲದಲ್ಲಿ ಚಂಬಲ್ ನದಿಯಲ್ಲಿ 100ಕ್ಕೂ ಹೆಚ್ಚು ಘರಿಯಾಲ್‌ಗಳು ಸತ್ತವು.

ಚರ್ಚೆ ಮತ್ತು ವಿಮರ್ಶೆ

ಬಂಧಿತ ತಳಿವರ್ಧನೆಯು ದುಬಾರಿ ಹಾಗೂ ದೀರ್ಘಕಾಲದ ಕಾರ್ಯವಾದುದರಿಂದ ಅದೇ ಹಣವನ್ನು ಕಾಡಿನಲ್ಲಿ ಉಳಿದಿರುವ ಸಂತತಿಯ ರಕ್ಷಣೆಗೆ ಬಳಸುವುದು ಮೇಲೆಂಬ ಅಭಿಪ್ರಾಯವಿದೆ. ಕೇಂದ್ರದಲ್ಲಿ ಹಕ್ಕಿಗಳು ಸುರಕ್ಷಿತವಾಗಿವೆ ಎಂಬ ಸಮಾಧಾನವು ಹೊರಗಿನ ಸಮಸ್ಯೆಯ ತುರ್ತನ್ನು ಮರೆಸಬಹುದೆಂಬ ಆತಂಕವೂ ವ್ಯಕ್ತವಾಗಿದೆ. ಇದಕ್ಕೆ ಉತ್ತರವಾಗಿ ಕಾರ್ಯಕ್ರಮದ ಸಮರ್ಥಕರು, ಶೇ. 99ರಷ್ಟು ಸಂತತಿ ನಾಶವಾದ ಸಂದರ್ಭದಲ್ಲಿ ಬಂಧಿತ ಸಮೂಹವು ವಿಮೆಯಿದ್ದಂತೆ ಎನ್ನುತ್ತಾರೆ. ಕಾಡಿನ ಹಕ್ಕಿಗಳು ಪೂರ್ತಿ ಅಳಿದರೂ ಜಾತಿಯನ್ನು ಮರಳಿ ಪಡೆಯುವ ದಾರಿ ಉಳಿದಿರುತ್ತದೆ.

ಬಿಡುಗಡೆಯ ಕಾಲದ ಬಗ್ಗೆಯೂ ಭಿನ್ನಾಭಿಪ್ರಾಯವಿದೆ. ಹೊರಗಿನ ವಿಷ ಪೂರ್ತಿ ನಿವಾರಣೆಯಾಗುವವರೆಗೆ ಕಾಯಬೇಕೆಂಬುದು ಒಂದು ವಾದ. ಕಾದಷ್ಟೂ ಮೂಲ ಹಕ್ಕಿಗಳಿಗೆ ವಯಸ್ಸಾಗುತ್ತದೆ, ಬಂಧನದ ಪೀಳಿಗೆಗಳು ಹೆಚ್ಚುತ್ತವೆ, ಪಂಜರಮನೆಗಳಲ್ಲಿ ಜಾಗ ಸಾಲದಾಗುತ್ತದೆ. ಆದ್ದರಿಂದ ಸಣ್ಣ ಗುಂಪುಗಳನ್ನು ಬಿಟ್ಟು ಅವುಗಳ ಬದುಕು ಸಾವುಗಳಿಂದಲೇ ಪರಿಸರದ ಸುರಕ್ಷತೆಯನ್ನು ಅಳೆಯಬೇಕೆಂಬುದು ಇನ್ನೊಂದು ವಾದ.

ಕರ್ನಾಟಕದಲ್ಲಿ

ರಾಮನಗರದ ಸಮೀಪದ ರಾಮದೇವರ ಬೆಟ್ಟವನ್ನು ಕರ್ನಾಟಕ ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ಸುಮಾರು 346 ಹೆಕ್ಟೇರ್ ವಿಸ್ತಾರದ ಈ ಧಾಮದ ಕಡಿದಾದ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು ಮಾತ್ರ. ಬಂಡೀಪುರ, ನಾಗರಹೊಳೆ ಮತ್ತು ಅವಕ್ಕೆ ಹೊಂದಿಕೊಂಡ ನೀಲಗಿರಿಯ ಕಾಡುಗಳಲ್ಲಿ ಬಿಳಿಬೆನ್ನಿನ, ಉದ್ದಕೊಕ್ಕಿನ ಹಾಗೂ ಕೆಂಪುತಲೆಯ ರಣಹದ್ದುಗಳಿವೆ. ಕಾಡುಪ್ರಾಣಿಗಳ ಕಳೇಬರಗಳು ಇಲ್ಲಿ ದೊರೆಯುವುದರಿಂದ ಪಶುಔಷಧದ ಅಪಾಯ ಬಯಲುಸೀಮೆಗಿಂತ ಕಡಿಮೆಯಿರಬಹುದೆಂದು ಭಾವಿಸಲಾಗಿದೆ. ಆದರೆ ಕಾಡಂಚಿನಲ್ಲಿ ಹುಲಿ, ಚಿರತೆಗಳನ್ನು ಕೊಲ್ಲಲು ಸತ್ತ ದನಕ್ಕೆ ವಿಷ ಬೆರೆಸುವ ಕೃತ್ಯಗಳು ರಣಹದ್ದುಗಳಿಗೂ ಮಾರಕವಾಗುತ್ತವೆ. ಬನ್ನೇರುಘಟ್ಟ ಜೈವಿಕ ಉದ್ಯಾನದ ಸಹಯೋಗದಲ್ಲಿ ರಾಜ್ಯದಲ್ಲಿಯೂ ತಳಿವರ್ಧನಾ ಕೇಂದ್ರವನ್ನು ರೂಪಿಸುವ ಪ್ರಸ್ತಾಪ ಬಂದಿದೆ.

ರಾಮಾಯಣದಲ್ಲಿ ಸೀತೆಯನ್ನು ಕಾಪಾಡಲು ಹೋರಾಡಿ ರೆಕ್ಕೆ ಕಳೆದುಕೊಂಡ ಜಟಾಯುವಿನ ಹೆಸರನ್ನೇ ಪಿಂಜೋರ್ ಕೇಂದ್ರಕ್ಕೆ ಇಡಲಾಗಿದೆ. ಜನಮನದಲ್ಲಿ ಅಪಶಕುನವೆಂದು ಕಾಣಲಾಗುತ್ತಿದ್ದ ಹಕ್ಕಿಯ ಬಗ್ಗೆ ಗೌರವ ಮೂಡಿಸುವುದೂ ಸಂರಕ್ಷಣೆಯ ಭಾಗವೆಂಬ ಆಶಯ ಈ ಹೆಸರಿನಲ್ಲಿದೆ. ದನ ಸಾಕುವವರು ಪಶುವೈದ್ಯರಲ್ಲಿ ಮೆಲಾಕ್ಸಿಕ್ಯಾಮ್‌ನಂತಹ ಸುರಕ್ಷಿತ ಔಷಧವನ್ನೇ ಕೇಳಿ ಪಡೆಯುವುದು ಮತ್ತು ನಿಷೇಧಿತ ಔಷಧ ಪಡೆದು ಸತ್ತ ಪಶುವನ್ನು ಬಯಲಿಗೆ ಎಸೆಯದೆ ಹೂಳುವುದು, ಈ ಹಕ್ಕಿಗಳ ಉಳಿವಿಗೆ ಸಾಮಾನ್ಯ ಜನರು ನೀಡಬಹುದಾದ ನೇರ ನೆರವಾಗಿದೆ.

ಇವನ್ನೂ ನೋಡಿ

ರಣಹದ್ದು
ರಾಮದೇವರ ಬೆಟ್ಟ ರಣಹದ್ದು ಧಾಮ
ಡೈಕ್ಲೋಫೆನಾಕ್
ಕ್ಯಾಲಿಫೋರ್ನಿಯಾ ಕಾಂಡೋರ್
ಘರಿಯಾಲ್
ಅಳಿವಿನಂಚಿನಲ್ಲಿರುವ ಪ್ರಭೇದಗಳು